ನೆತ್ತರು ನೀರಲ್ಲ: ಧಮನಿಯ ಹರಿವಿನ ಗಣಿತ



ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾ ಅವರಿಗೆ ಕಬ್ಬಿನ ಹೊಲದಲ್ಲಿ ಎದೆ ಹಿಡಿಯಿತು. ಕೃಷ್ಣೆಯ ದಂಡೆಯ ಈ ಜುಗೂಳ ಭಾಗದವರೆಲ್ಲ ಮಾಡುವಂತೆ ನಾವೂ ಮಿರಜಿನ ಆಸ್ಪತ್ರೆಗೆ ಓಡಿದೆವು. ಆಂಜಿಯೋಗ್ರಫಿ ಆಯಿತು, ವರದಿ ಕೈಗೆ ಬಂತು. ಸಂಜೆ ಹಾಸಿಗೆಯ ಮೇಲೆ ಒರಗಿಕೊಂಡೇ ಕಾಕಾ ನನ್ನನ್ನು ಕೇಳಿದರು: "ತಮ್ಮಾ, ನೀ ಲೆಕ್ಕದ ಮಾಸ್ತರ ಅದಿ. ಎಪ್ಪತ್ತು ಪರ್ಸೆಂಟ್ ಬ್ಲಾಕ್ ಐತಿ ಅಂತಾರ. ಅಂದ್ರ ಇನ್ನ ಮೂವತ್ತು ಪರ್ಸೆಂಟ್ ನೆತ್ತರ ಹೋಗಾಕತ್ತೈತಿ, ಹೌದಲ್ಲ?"

ಧೈರ್ಯ ಹೇಳಬೇಕೆಂದು ಹೌದು ಅಂದೆ. ಆ ಉತ್ತರ ತಪ್ಪಿತ್ತು. ಇಂದು ನಾನು ಇಲ್ಲಿ ಹೇಳುವುದೆಲ್ಲ ಆ ಉತ್ತರದ ತಿದ್ದುಪಡಿ.

ಆಂಜಿಯೋಗ್ರಫಿಯ ವರದಿಯಲ್ಲಿ ಬರುವ ಶೇಕಡಾ ಅಂಕಿ ಸಾಮಾನ್ಯವಾಗಿ ನಾಳದ ಅಡ್ಡಳತೆಗೆ ಸಂಬಂಧಿಸಿದ್ದು. ಅಡ್ಡಳತೆ 70 ಭಾಗ ಕುಗ್ಗಿ 30 ಉಳಿಯಿತು ಎಂದರೆ, ನೆತ್ತರು ಹಾಯುವ ಬಾಯಿಯ ವಿಸ್ತೀರ್ಣ 30ರ ವರ್ಗದ ಲೆಕ್ಕದಲ್ಲಿ ನೂರಕ್ಕೆ ಬರೀ 9 ಉಳಿಯುತ್ತದೆ. ಮಾತು ಅಲ್ಲಿಗೂ ನಿಲ್ಲುವುದಿಲ್ಲ. ಕಿರಿದಾದ ನಾಳದಲ್ಲಿ ಹರಿವಿಗೆ ಎದುರಾಗುವ ತಡೆ ಅಡ್ಡಳತೆಯ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. 0.3ನ್ನು ನಾಲ್ಕು ಸಲ ಗುಣಿಸಿ ನೋಡಿ: 0.0081. ಕಟ್ಟಿಕೊಂಡ ಆ ತುಣುಕಿನಲ್ಲಿ ತಡೆ 120 ಪಟ್ಟಿಗೂ ಹೆಚ್ಚು. ಹಾಗಾದರೆ ಕಾಕಾ ಹೇಗೆ ನಡೆದಾಡುತ್ತಿದ್ದರು? ಕಟ್ಟಿದ ಭಾಗ ಉದ್ದಕ್ಕೆ ಕೆಲವೇ ಮಿಲಿಮೀಟರ್. ಅದರ ಮುಂದಿರುವ ಸಣ್ಣ ನಾಳಗಳು ತಾವು ಸಡಿಲಗೊಂಡು, ಒಟ್ಟು ತಡೆಯನ್ನು ತಗ್ಗಿಸಿ, ಕುಳಿತ ಮನುಷ್ಯನಿಗೆ ಸಾಕಾಗುವಷ್ಟು ನೆತ್ತರನ್ನು ಎಳೆದುಕೊಳ್ಳುತ್ತವೆ. ಕಬ್ಬಿನ ಹೊರೆ ತಲೆಗೇರಿದಾಗ ಹೃದಯ ಮೂರು ನಾಲ್ಕು ಪಟ್ಟು ನೆತ್ತರು ಕೇಳುತ್ತದೆ. ಸಡಿಲಗೊಳ್ಳಲು ಆಗ ಏನೂ ಉಳಿದಿರುವುದಿಲ್ಲ. ಎದೆ ಹಿಡಿಯುವುದು ಆವಾಗ.

ನಾಲ್ಕನೆಯ ಘಾತದ ಈ ನಿಯಮ ಕೊಟ್ಟವನು ಪ್ವಾಸಯ್ ಎಂಬ ಪ್ಯಾರಿಸಿನ ವೈದ್ಯ. ಅವನಿಗೆ ತಿಳಿಯಬೇಕಿದ್ದದ್ದು ನೆತ್ತರಿನ ಹರಿವು. ಮೈಯಿಂದ ಹೊರಬಂದ ನೆತ್ತರು ಹೆಪ್ಪುಗಟ್ಟುತ್ತದೆ, ಆಗ ಅದನ್ನು ತಡೆಯುವ ಔಷಧಿ ಇರಲಿಲ್ಲ. ಹಾಗಾಗಿ ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ, 1840ರ ಸುಮಾರಿಗೆ ಪ್ರಕಟಿಸಿದ. ಅಂಥ ಸಣ್ಣ ಕೊಳವೆಗಳ ನೀರಿಗೆ ಆ ನಿಯಮ ಚಾಚೂ ತಪ್ಪದೆ ಹೊಂದುತ್ತದೆ. ನಾವು ಹೊಳೆಯಿಂದ ಹೊಲಕ್ಕೆ ನೀರೆತ್ತುವ ಪೈಪುಗಳಲ್ಲಿ ನೀರು ಸುಳಿಸುಳಿಯಾಗಿ ನುಗ್ಗುತ್ತದೆ, ಅಲ್ಲಿಯ ಲೆಕ್ಕ ಬೇರೆ. ಪ್ವಾಸಯ್ ನಿಯಮ ಪದರ ಪದರವಾಗಿ ಶಾಂತವಾಗಿ ಸರಿಯುವ ಹರಿವಿನದು.

ಪದರ ಎಂದರೇನು ಎಂದು ಕೇಳುವವರು ಹೊಳೆ ದಾಟಿ ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋಗಿ ಬರಲಿ. ಶಿಲಾಹಾರರ ಕಾಲದ ಆ ಗುಡಿಯ ಸ್ವರ್ಗಮಂಟಪದಲ್ಲಿ ನಡುವೆ ದುಂಡನೆಯ ಆಕಾಶ, ಅದರ ಸುತ್ತ ಒಂದು ಬಳಸು ಕಂಬ, ಅದರಾಚೆ ಮತ್ತೊಂದು ಬಳಸು. ನಾಳವನ್ನು ಅಡ್ಡಲಾಗಿ ಕೊಯ್ದರೆ ಹರಿವು ಹಾಗೆಯೇ ಬಳೆಯೊಳಗೆ ಬಳೆಯಾಗಿ ಕಾಣುತ್ತದೆ ಎಂದು ಗಣಿತ ಕಲ್ಪಿಸಿಕೊಳ್ಳುತ್ತದೆ. ಗೋಡೆಗೆ ಅಂಟಿದ ಬಳೆ ನಿಂತೇ ಇರುತ್ತದೆ, ನಡುವಿನದು ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ. ಪ್ರತಿ ಬಳೆ ಪಕ್ಕದ ಬಳೆಯನ್ನು ಉಜ್ಜುತ್ತದೆ. ಪಠ್ಯಗಳು ಶಿಯರ್ ಪೀಡನ ಎನ್ನುವ ಆ ಬಲವನ್ನು ನಾನು ಉಜ್ಜುಬಲ ಎಂದು ಕರೆಯುತ್ತೇನೆ. ಬಳೆಯಿಂದ ಬಳೆಗೆ ವೇಗ ಎಷ್ಟು ಬೇಗ ಬದಲಾಗುತ್ತದೋ ಅದು ಶಿಯರ್ ದರ. ಒಂದು ಮಿಲಿಮೀಟರ್ ಸರಿದರೆ ವೇಗ ಸೆಕೆಂಡಿಗೆ 100 ಮಿಲಿಮೀಟರ್ ಹೆಚ್ಚಿತು ಎಂದರೆ ದರ 100. 1687ರ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ ಹೇಳಿದ್ದು ಇಷ್ಟು: ಉಜ್ಜುಬಲವು ಈ ದರಕ್ಕೆ ನೇರ ಪ್ರಮಾಣದಲ್ಲಿರುತ್ತದೆ. ಎರಡನ್ನೂ ಜೋಡಿಸುವ ಸಂಖ್ಯೆಯೇ ಸ್ನಿಗ್ಧತೆ. ಅದು ಬದಲಾಗದಿದ್ದರೆ ದ್ರವ ನ್ಯೂಟನ್ನನ ನಿಯಮಕ್ಕೆ ಒಳಪಟ್ಟದ್ದು, ಬದಲಾದರೆ ನ್ಯೂಟನ್ನೇತರ.

ಇಲ್ಲಿ ಬಹಳ ವಿದ್ಯಾರ್ಥಿಗಳು ಎಡವುತ್ತಾರೆ. ಮಂದವಾಗಿದ್ದರೆ ನ್ಯೂಟನ್ನೇತರ ಎಂದುಕೊಳ್ಳುತ್ತಾರೆ. ನಮ್ಮ ಚಪಾತಿಗೆ ಹಚ್ಚಿಕೊಳ್ಳುವ ಕಾಕವಿ ನೀರಿಗಿಂತ ನೂರಾರು ಪಟ್ಟು ಮಂದ. ಹಾಗಿದ್ದೂ ಅದರಲ್ಲಿ ಹರಳು ಕಟ್ಟದಿದ್ದರೆ ಅದು ನ್ಯೂಟನ್ನನ ಮಾತನ್ನು ಹೆಚ್ಚು ಕಡಿಮೆ ಪಾಲಿಸುತ್ತದೆ. ಮೆಲ್ಲಗೆ ಕಲಕಿ, ಜೋರಾಗಿ ಕಲಕಿ, ಅದರ ಮಂದತೆ ಅಷ್ಟೇ. ಗಡಿಗೆಯ ಗಟ್ಟಿ ಮೊಸರು ಹಾಗಲ್ಲ. ಗಡಿಗೆಯನ್ನು ಸ್ವಲ್ಪ ಓರೆ ಮಾಡಿದರೆ ಅದು ಹರಿಯುವುದೇ ಇಲ್ಲ. ಕಡೆಗೋಲು ಇಳಿಸಿದರೆ ತೆಳ್ಳಗಾಗುತ್ತದೆ. ಮೊಸರಿಗೆ ಎರಡು ಗುಣ: ಒಂದು ಮಿತಿ ದಾಟುವ ತನಕ ಕದಲುವುದಿಲ್ಲ, ಕದಲಿದ ಮೇಲೆ ವೇಗ ಹೆಚ್ಚಿದಷ್ಟೂ ತೆಳ್ಳಗಾಗುತ್ತದೆ. ನೆತ್ತರು ಈ ಮೊಸರಿನ ಜಾತಿಗೆ ಸೇರಿದ್ದು, ಗುಣ ಮಾತ್ರ ತೀರಾ ಸೌಮ್ಯ.

ಆ ಗುಣ ಎಲ್ಲಿಂದ ಬಂತು? ಪ್ಲಾಸ್ಮಾ ಒಂದನ್ನೇ ಬೇರ್ಪಡಿಸಿದರೆ ಅದು ಸಾಧು ದ್ರವ, ನೀರಿನ ಎರಡು ಪಟ್ಟಿಗೂ ಕಡಿಮೆ ಮಂದ. ಅದರಲ್ಲಿ ತೇಲುವ ಕೆಂಪು ಕಣಗಳಲ್ಲಿದೆ ವಿಶೇಷ. ಒಂದೊಂದೂ ಸುಮಾರು 8 ಮೈಕ್ರೋಮೀಟರ್ ಅಗಲ, 2 ಮೈಕ್ರೋಮೀಟರ್ ದಪ್ಪ, ಎರಡೂ ಬದಿಗೆ ತಗ್ಗಾದ ಬಿಲ್ಲೆ. ಆರೋಗ್ಯವಂತ ಗಂಡಸಿನ ನೆತ್ತರಿನಲ್ಲಿ ನೂರಕ್ಕೆ 45 ಭಾಗ ಈ ಬಿಲ್ಲೆಗಳೇ. ಪ್ರಯೋಗಾಲಯದ ಚೀಟಿಯಲ್ಲಿ ಪಿ.ಸಿ.ವಿ. ಎಂದು ಬರೆದಿರುವುದು ಇದೇ ಅಂಕಿ. ಹರಿವು ನಿಧಾನವಾದಾಗ ಫೈಬ್ರಿನೊಜನ್ ಎಂಬ ಪ್ರೋಟೀನು ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಗಡಿಯವ ನಾಣ್ಯಗಳನ್ನು ಜೋಡಿಸಿ ಕಟ್ಟು ಮಾಡಿದಂತೆ ಅವು ಸಾಲುಗೂಡುತ್ತವೆ. ನಿಮ್ಮಲ್ಲಿ ಬಹುತೇಕರು ಇ.ಎಸ್.ಆರ್. ಪರೀಕ್ಷೆ ಮಾಡಿಸಿರುತ್ತೀರಿ. ಅದು ಅಳೆಯುವುದು ಈ ಕಟ್ಟುಗಳು ತಳಕ್ಕಿಳಿಯುವ ವೇಗವನ್ನು. ಸ್ವೀಡನ್ನಿನ ಫೋರೇಯಸ್ ನೂರು ವರ್ಷಗಳ ಹಿಂದೆ ಅದನ್ನು ಬಿಡಿಸಿ ನೋಡಿದ, ಅವನ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ. ಹರಿವು ಜೋರಾದಾಗ ಕಟ್ಟು ಒಡೆಯುತ್ತದೆ, ಬಿಡಿ ಕಣಗಳು ಹರಿವಿನ ದಿಕ್ಕಿಗೆ ಬಾಗಿ ನೀಳವಾಗುತ್ತವೆ.

1970ರ ಸುಮಾರಿಗೆ ಶು ಚೀನ್ ಎಂಬ ವಿಜ್ಞಾನಿ ಇದನ್ನು ಬಹಳ ಸರಳ ಉಪಾಯದಿಂದ ಖಚಿತಪಡಿಸಿದ. ಮೂರು ಪಾತ್ರೆ. ಒಂದರಲ್ಲಿ ಸಹಜ ನೆತ್ತರು. ಎರಡನೆಯದರಲ್ಲಿ ಅಂಟಿಸುವ ಪ್ರೋಟೀನಿಲ್ಲದ ದ್ರಾವಣದಲ್ಲಿ ಕೆಂಪು ಕಣ. ಮೂರನೆಯದರಲ್ಲಿ ರಾಸಾಯನಿಕದಿಂದ ಗಟ್ಟಿ ಮಾಡಿದ, ಬಾಗದ ಕಣ. ನಿಧಾನದ ಹರಿವಿನಲ್ಲಿ ಮೊದಲನೆಯದು ಮಂದವಾಯಿತು, ಎರಡನೆಯದು ಅಷ್ಟಾಗಿ ಆಗಲಿಲ್ಲ. ಜೋರು ಹರಿವಿನಲ್ಲಿ ಇವೆರಡೂ ಒಂದೇ ಮಟ್ಟಕ್ಕೆ ತೆಳ್ಳಗಾದವು. ಮೂರನೆಯದು ಎಷ್ಟೇ ಜೋರಾದರೂ ತೆಳ್ಳಗಾಗಲಿಲ್ಲ. ಮಂದವಾಗುವುದು ಅಂಟುವುದರಿಂದ, ತೆಳ್ಳಗಾಗುವುದು ಬಾಗುವುದರಿಂದ. ಇಷ್ಟು ಸ್ವಚ್ಛವಾದ ಪ್ರಯೋಗವನ್ನು ನಾನು ಕಂಡದ್ದು ಕಡಿಮೆ.

ಇನ್ನು ಸಮೀಕರಣ. ಶಿಯರ್ ದರ 100 ದಾಟಿದ ಮೇಲೆ ನೆತ್ತರಿನ ಸ್ನಿಗ್ಧತೆ ಹೆಚ್ಚು ಬದಲಾಗುವುದಿಲ್ಲ, ನೀರಿನ ನಾಲ್ಕೈದು ಪಟ್ಟಿನಲ್ಲಿ ನಿಲ್ಲುತ್ತದೆ. ದರ 1ಕ್ಕಿಂತ ಕೆಳಗಿಳಿದಂತೆ ಅದು ಏರುತ್ತ ಹೋಗಿ ಹತ್ತು ಪಟ್ಟಿಗೂ ಮೀರುತ್ತದೆ. ಇದನ್ನು ಹಿಡಿಯುವ ಸೂತ್ರಗಳಲ್ಲಿ ನನಗೆ ಪ್ರಿಯವಾದದ್ದು ಕ್ಯಾಸನ್ನನದು. ಉಜ್ಜುಬಲದ ವರ್ಗಮೂಲ ತೆಗೆಯಿರಿ. ಅದು ಎರಡು ವರ್ಗಮೂಲಗಳ ಮೊತ್ತ: ಕದಲಲು ಬೇಕಾದ ಕನಿಷ್ಠ ಬಲದ್ದು ಒಂದು, ಸ್ನಿಗ್ಧತೆ ಮತ್ತು ದರದ ಗುಣಲಬ್ಧದ್ದು ಇನ್ನೊಂದು. 1959ರಲ್ಲಿ ಕ್ಯಾಸನ್ ಇದನ್ನು ಬರೆದದ್ದು ನೆತ್ತರಿಗಾಗಿ ಅಲ್ಲ, ಮುದ್ರಣದ ಶಾಯಿಗಾಗಿ. ಎಣ್ಣೆಯಲ್ಲಿ ತೇಲುವ ಬಣ್ಣದ ಕಣಗಳು ನಿಧಾನದಲ್ಲಿ ಕಟ್ಟುಗೂಡುತ್ತವೆ, ವೇಗದಲ್ಲಿ ಒಡೆಯುತ್ತವೆ. ಅದೇ ವರ್ಷ ಸ್ಕಾಟ್ ಬ್ಲೇರ್ ಎಂಬ ವಿಜ್ಞಾನಿ ಅದನ್ನು ನೆತ್ತರಿಗೆ ಹಚ್ಚಿ ನೋಡಿದ, ಹೊಂದಿತು. ನಾಳೆ ಈ ಉಪನ್ಯಾಸವನ್ನು ಅಚ್ಚಿನಲ್ಲಿ ಓದುವವರ ಕೈಯಲ್ಲಿರುವ ಕಪ್ಪು ಅಕ್ಷರಗಳೂ ಅವರ ಬೆರಳಿನೊಳಗಿನ ನೆತ್ತರೂ ಒಂದೇ ಸೂತ್ರದಲ್ಲಿ ಹರಿದವು. ಗಣಿತದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಂಥ ಕಡೆಗಳಲ್ಲಿ.

ಈಗ ಒಂದು ಚಿಕ್ಕ ಲೆಕ್ಕ, ವಿದ್ಯಾರ್ಥಿಗಳು ಮನೆಗೆ ಹೋಗಿ ಮಾಡಿ ನೋಡಬೇಕು. ನೆಟ್ಟನೆಯ ದುಂಡು ನಾಳದಲ್ಲಿ ಒಂದೇ ಸಮನೆ ಹರಿಯುವ ದ್ರವ ಯಾವುದೇ ಇರಲಿ, ಉಜ್ಜುಬಲ ನಟ್ಟನಡುವೆ ಸೊನ್ನೆ, ಗೋಡೆಯಲ್ಲಿ ಅತಿ ಹೆಚ್ಚು, ನಡುವೆ ಸರಳ ರೇಖೆಯಂತೆ ಏರಿಕೆ. ನೆತ್ತರು ಕದಲಲು ಸುಮಾರು 0.005 ಪ್ಯಾಸ್ಕಲ್ ಬೇಕು. ಆರೋಗ್ಯವಂತ ಧಮನಿಯ ಗೋಡೆಯಲ್ಲಿ ಉಜ್ಜುಬಲ ಸುಮಾರು 1.5 ಪ್ಯಾಸ್ಕಲ್. ಭಾಗಿಸಿದರೆ ಮುನ್ನೂರರಲ್ಲಿ ಒಂದು. ಅಂದರೆ ನಾಳದ ತ್ರಿಜ್ಯದ ಮುನ್ನೂರನೆಯ ಒಂದು ಪಾಲಿನಷ್ಟು ನಡುಭಾಗ ಮಾತ್ರ ಗಟ್ಟಿ ಕೋಲಿನಂತೆ ಸರಿಯುತ್ತದೆ. ಹೃದಯಕ್ಕೆ ನೆತ್ತರು ಉಣಿಸುವ 3 ಮಿಲಿಮೀಟರ್ ಅಡ್ಡಳತೆಯ ಧಮನಿಯಲ್ಲಿ ಆ ಕೋಲಿನ ಅಡ್ಡಳತೆ 10 ಮೈಕ್ರೋಮೀಟರ್, ಒಂದೇ ಕೆಂಪು ಕಣದ ಅಗಲಕ್ಕಿಂತ ತುಸು ಹೆಚ್ಚು! ನೆತ್ತರನ್ನು ಎಡೆಬಿಡದ ದ್ರವವೆಂದು ಕಲ್ಪಿಸಿ ಬರೆದ ಸಮೀಕರಣ, ಕಣವನ್ನು ಬಿಡಿಬಿಡಿಯಾಗಿ ಎಣಿಸಬೇಕಾದ ಅಳತೆಗೆ ಬಂದು ನಿಂತಿತು. ಅಲ್ಲಿ ಅದಕ್ಕೆ ಅರ್ಥವಿಲ್ಲ.

ನಾನು ಓದಿದ ಅನೇಕ ಪ್ರಬಂಧಗಳಲ್ಲಿ ಈ ಕೋಲನ್ನು ನಾಳದ ಮೂರನೆಯ ಒಂದು ಭಾಗದಷ್ಟು ದಪ್ಪಗೆ ಬಿಡಿಸಿರುತ್ತಾರೆ, ನಕ್ಷೆಯ ಗೆರೆಗಳು ಒಂದರಿಂದ ಒಂದು ಬೇರೆಯಾಗಿ ಕಾಣಲಿ ಎಂದು. ಶೀರ್ಷಿಕೆಯಲ್ಲಿ ಧಮನಿ ಎಂದಿರುತ್ತದೆ. ಅಂಥ ಧಮನಿ ಯಾರ ಮೈಯಲ್ಲೂ ಇಲ್ಲ. ಇದನ್ನು ನಾನು ಬಹಳ ನೋವಿನಿಂದ ಹೇಳುತ್ತೇನೆ, ಏಕೆಂದರೆ ಆ ಪ್ರಬಂಧಗಳಲ್ಲಿ ಗಣಿತ ಸರಿಯಾಗಿಯೇ ಇರುತ್ತದೆ. ಮೈಯ ದೊಡ್ಡ ಧಮನಿಗಳಲ್ಲಿ ನ್ಯೂಟನ್ನನೇ ಬಹುಮಟ್ಟಿಗೆ ಸಾಕು. ಅಲ್ಲಿ ಹೆಚ್ಚು ಮುಖ್ಯವಾದದ್ದು ಹೃದಯದ ಮಿಡಿತ ಮತ್ತು ಗೋಡೆಯ ಹಿಗ್ಗುವಿಕೆ. ಗಣಿತಜ್ಞ ಆಯ್ಲರ್ 1775ರಲ್ಲೇ ಅದಕ್ಕೆ ಸಮೀಕರಣ ಬರೆದಿದ್ದ, ವೊಮರ್ಸ್‌ಲಿ 1955ರಲ್ಲಿ ಮಿಡಿಯುವ ಹರಿವಿನ ಲೆಕ್ಕ ಬಿಡಿಸಿ ಕೊಟ್ಟ.

ಹಾಗಾದರೆ ನ್ಯೂಟನ್ನೇತರ ಗುಣ ಬೇಕಾಗುವುದು ಎಲ್ಲಿ? ಜುಗೂಳದವರಿಗೆ ಇದನ್ನು ತೋರಿಸಲು ನಾನು ನಿಮ್ಮ ಕೃಷ್ಣೆಯ ದಂಡೆಗೇ ಹೋಗಬೇಕು. 2005, 2019, 2021ರ ಮಹಾಪೂರ ಇಳಿದ ಮೇಲೆ ಹೊಳೆಯ ತಿರುವನ್ನು ನೋಡಿದ್ದೀರಿ. ಹೊರಬದಿಯ ದಂಡೆ ಕೊರೆದು ಹೋಗಿರುತ್ತದೆ, ಒಳಬದಿಯಲ್ಲಿ ರೇವೆ ಮಣ್ಣು ಕೂತಿರುತ್ತದೆ. ಧಮನಿಯ ಬಗ್ಗೆಯೂ ವಿಜ್ಞಾನಿಗಳಲ್ಲಿ ಇದೇ ಎರಡು ಪಕ್ಷ ಹುಟ್ಟಿದವು. 1968ರಲ್ಲಿ ಅಮೆರಿಕದ ಫ್ರೈ, ಉಜ್ಜುಬಲ ಅತಿಯಾದರೆ ಧಮನಿಯ ಒಳಪದರ ಹಾನಿಗೊಳ್ಳುತ್ತದೆ ಎಂದು ತೋರಿಸಿದ. ಅದು ಕೊರೆತದ ವಾದ. ಮರುವರ್ಷ ಲಂಡನ್ನಿನ ಕಾರೊ ಮತ್ತು ಸಂಗಡಿಗರು ತಿರುಗುಮುರುಗು ಹೇಳಿದರು: ಕೊಬ್ಬು ಕಟ್ಟುವುದು ಉಜ್ಜುಬಲ ಕಡಿಮೆ ಇರುವ ಕಡೆ, ತಿರುವಿನ ಒಳಬದಿಯಲ್ಲಿ, ಕವಲೊಡೆಯುವಲ್ಲಿ ಹರಿವು ಮಂದವಾದ ಗೋಡೆಯ ಮೇಲೆ. ಶವಪರೀಕ್ಷೆಗಳು ಕಾರೊ ಕಡೆಗೆ ವಾಲಿದವು. ಒಂದು ಎಚ್ಚರ ಬೇಕು. ಕೊಬ್ಬು ರೇವೆಯಂತೆ ತನ್ನ ಭಾರಕ್ಕೆ ಕೂರುವುದಲ್ಲ. ಒಳಪದರದ ಜೀವಕೋಶಗಳು ನೆತ್ತರಿನ ಉಜ್ಜುವಿಕೆಯನ್ನು ಗ್ರಹಿಸುತ್ತವೆ. ಉಜ್ಜುವಿಕೆ ಚೆನ್ನಾಗಿದ್ದರೆ ಅವು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲವಾಗಿ, ನುಣುಪಾಗಿ ಇಡುತ್ತವೆ. ಕಡಿಮೆಯಾದಲ್ಲಿ ಆ ಕಾವಲು ಕುಂದುತ್ತದೆ, ಕೊಬ್ಬು ಒಳಕ್ಕೆ ಜಾರುತ್ತದೆ.

ಒಮ್ಮೆ ದಿಬ್ಬ ಎದ್ದಿತೆಂದರೆ ಅದರ ಹಿಂದೆ ಏನಾಗುತ್ತದೆ? ಸೇತುವೆಯ ಕಂಬದ ಹಿಂದೆ ಹೊಳೆಯಲ್ಲಿ ಕಾಣುವ ಸುಳಿಯೇ ಅಲ್ಲೂ. ಇಕ್ಕಟ್ಟಿನಿಂದ ಚಿಮ್ಮಿದ ನೆತ್ತರು ನಡುವೆ ಮುಂದಕ್ಕೋಡುತ್ತದೆ, ಗೋಡೆಯ ಪಕ್ಕದ್ದು ಹಿಂದಕ್ಕೆ ಹೊರಳಿ ನಿಧಾನವಾಗಿ ಸುತ್ತುತ್ತದೆ. ಆ ಸುಳಿಯ ಮಡಿಲಿನಲ್ಲಿ ಶಿಯರ್ ದರ 100ಕ್ಕಿಂತ ಬಹಳ ಕೆಳಗಿಳಿಯುತ್ತದೆ. ಕಣಗಳು ಕಟ್ಟುಗೂಡಲು ಅಲ್ಲಿ ಪುರುಸೊತ್ತು ಸಿಗುತ್ತದೆ, ನೆತ್ತರು ಮಂದವಾಗುತ್ತದೆ. ಅಲ್ಲಿ ನ್ಯೂಟನ್ನನ ಲೆಕ್ಕ ಮತ್ತು ಕ್ಯಾಸನ್ನನ ಲೆಕ್ಕ ಬೇರೆ ಬೇರೆ ಉತ್ತರ ಕೊಡುತ್ತವೆ. ರೋಗ ಇರುವುದೂ ಅಲ್ಲೇ.

ಇನ್ನೊಂದು ಜಾಗ ಸಣ್ಣ ನಾಳಗಳು. 1931ರಲ್ಲಿ ಅದೇ ಫೋರೇಯಸ್, ಲಿಂಡ್‌ಕ್ವಿಸ್ಟ್ ಜೊತೆ ಸೇರಿ ಒಂದು ಸೋಜಿಗ ಕಂಡ. 0.3 ಮಿಲಿಮೀಟರಿಗಿಂತ ಸಣ್ಣ ಕೊಳವೆಗಳಲ್ಲಿ ನೆತ್ತರು ಇನ್ನೂ ಮಂದವಾಗುವ ಬದಲು ತೆಳ್ಳಗಾಗುತ್ತದೆ. ಕಣಗಳು ನಡುವಿಗೆ ಸರಿದು ಗೋಡೆಯ ಪಕ್ಕ ಬರೀ ಪ್ಲಾಸ್ಮಾದ ಪದರ ಉಳಿಯುತ್ತದೆ, ಅದು ಜಾರುಮಣೆಯಂತೆ ಕೆಲಸ ಮಾಡುತ್ತದೆ. ಇಲ್ಲಿ ಕ್ಯಾಸನ್ ಸಾಲದು. ಕಣಗಳು ಮುಂದೆ ಹೋಗುತ್ತ ತಮ್ಮ ಸುತ್ತ ತಾವು ತಿರುಗುವುದನ್ನೂ ಲೆಕ್ಕಕ್ಕೆ ತರಬೇಕು. 1966ರಲ್ಲಿ ಎರಿಂಗೆನ್ ಕೊಟ್ಟ ಮೈಕ್ರೋಪೋಲಾರ್ ದ್ರವಗಳ ಸಿದ್ಧಾಂತ ಅದಕ್ಕೆ ದಾರಿಯಾಯಿತು.

ಈ ದಾರಿಯಲ್ಲಿ ನಮ್ಮ ನಾಡಿನ ಹೆಜ್ಜೆಗಳಿವೆ ಎಂದು ಹೇಳಲು ನನಗೆ ಅಭಿಮಾನ. 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನ್ವಯಿಕ ಗಣಿತ ವಿಭಾಗಕ್ಕೆ ಬಂದ ಪಿ. ಎಲ್. ಭಟ್ನಾಗರ್ ಅಲ್ಲಿ ನ್ಯೂಟನ್ನೇತರ ದ್ರವಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಅದೇ ಸಂಸ್ಥೆಯ ಆರ್. ದೇವನಾಥನ್ ಮತ್ತು ಎಸ್. ಪಾರ್ವತಮ್ಮ 1983ರಲ್ಲಿ, ಕಟ್ಟಿಕೊಂಡ ನಾಳದಲ್ಲಿ ಮೈಕ್ರೋಪೋಲಾರ್ ದ್ರವ ಹೇಗೆ ಹರಿಯುತ್ತದೆ ಎಂದು ಬಿಡಿಸಿದರು. 1988ರಲ್ಲಿ ದುಲಾಲ್ ಪಾಲ್, ಎನ್. ರುದ್ರಯ್ಯ ಮತ್ತು ದೇವನಾಥನ್ ಕೂಡಿ ಸೂಕ್ಷ್ಮ ನಾಳಗಳ ನೆತ್ತರಿಗೆ ಇನ್ನೊಂದು ಮಾದರಿ ಕಟ್ಟಿದರು. ರುದ್ರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಂಗಳದಲ್ಲಿ ದ್ರವಗತಿಯ ಒಂದು ದೊಡ್ಡ ಪರಂಪರೆಯನ್ನೇ ಬೆಳೆಸಿದವರು, ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಆ ಗುಲಬರ್ಗಾದಿಂದಲೇ 1985ರಲ್ಲಿ ಬಿ. ಸಿದ್ದಪ್ಪ ಮತ್ತು ಸುಭಾಸ್ ಏಬೆಲ್, ಹಿಗ್ಗುವ ತಟ್ಟೆಯ ಮೇಲೆ ನ್ಯೂಟನ್ನೇತರ ದ್ರವದ ಹರಿವನ್ನು ಕುರಿತು ಬರೆದರು. ನಮ್ಮದೇ ಬೆಳಗಾವಿ ಜಿಲ್ಲೆಯ ಮಾತೂ ಬರಬೇಕು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಆದ ಡಿ. ಸಿ. ಪಾವಟೆಯವರು 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದರು. ಹಳ್ಳಿಯ ಹುಡುಗರಿಗೆ ಗಣಿತದ ಎಂ.ಎಸ್ಸಿ. ಧಾರವಾಡದಲ್ಲೇ ಸಿಗುವಂತಾಯಿತು. ನಾನು ಅದರ ಫಲ ಉಂಡವನು.

ಆದರೆ ಇಷ್ಟು ವರ್ಷ ಪಾಠ ಹೇಳಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಸಮೀಕರಣದ್ದಲ್ಲ. ಅದರೊಳಗೆ ಹಾಕುವ ಅಂಕಿಗಳು ಯಾರ ನೆತ್ತರಿನವು?

ನೆತ್ತರು ಕದಲಲು ಬೇಕಾದ ಕನಿಷ್ಠ ಬಲ ಪಿ.ಸಿ.ವಿ.ಯ ಮೇಲೆ ನಿಂತಿದೆ. ಒಂದು ಚಿಕ್ಕ ಮಿತಿಯನ್ನು ಕಳೆದ ಮೇಲೆ ಉಳಿದದ್ದರ ಘನಕ್ಕೆ ಅದು ಹೆಚ್ಚು ಕಡಿಮೆ ಪ್ರಮಾಣದಲ್ಲಿರುತ್ತದೆ. ಪುಸ್ತಕಗಳು 45 ಎಂದು ಹಿಡಿಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯವರು. ಕಬ್ಬಿನ ಕಳೆ ತೆಗೆಯುವ ಅಕ್ಕ ಒಬ್ಬಳ ಹಿಮೋಗ್ಲೋಬಿನ್ 10 ಇದ್ದರೆ ಅವಳ ಪಿ.ಸಿ.ವಿ. ಸುಮಾರು 30. ಮಿತಿಯನ್ನು 5 ಎಂದು ಹಿಡಿದರೆ ಪುಸ್ತಕದ ನೆತ್ತರಿಗೆ 40ರ ಘನ, ಅವಳ ನೆತ್ತರಿಗೆ 25ರ ಘನ. ಅವಳದು ಪುಸ್ತಕದ ಕಾಲು ಭಾಗ ಮಾತ್ರ.

ತೆಳ್ಳಗಿದ್ದರೆ ಹರಿಯಲು ಸುಲಭ, ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯದಲ್ಲ. ಅವಳ ಒಂದು ಲೋಟ ನೆತ್ತರಿನಲ್ಲಿ ಆಮ್ಲಜನಕ ಕಡಿಮೆ. ಕೊರತೆ ತುಂಬಲು ಹೃದಯ ಹೆಚ್ಚು ಲೋಟ ಎತ್ತಬೇಕು. ತೆಳ್ಳನೆಯ ದ್ರವ ವೇಗವಾಗಿ ಓಡಿದಾಗ ಪದರಗಳ ಶಿಸ್ತು ಮುರಿದು ಕದಡು ಹರಿವು ಹುಟ್ಟುತ್ತದೆ. ರಕ್ತಹೀನತೆಯಿರುವ ಬಸುರಿ ಹೆಣ್ಣುಮಗಳ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕವಾಟ ನೆಟ್ಟಗಿದ್ದರೂ ಡಾಕ್ಟರಿಗೆ ಒಂದು ಮರ್ಮರ ಕೇಳುವುದುಂಟು. ಅದು ಹೊಳೆ ಆಳ ಕಡಿಮೆಯಿದ್ದಲ್ಲಿ ಬಂಡೆಗಳ ಮೇಲೆ ಸದ್ದು ಮಾಡಿದಂತೆ, ವೇಗದ ತೆಳು ನೆತ್ತರಿನ ಸದ್ದು. ಇನ್ನೊಂದು ತುದಿಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ಅವರ ಕೆಂಪು ಕಣಗಳು ಬಾಗುವ ಗುಣ ಕಳೆದುಕೊಂಡು ಬಿರುಸಾಗುತ್ತವೆ. ಚೀನ್ ಅವರ ಮೂರನೆಯ ಪಾತ್ರೆಯತ್ತ ಒಂದು ಹೆಜ್ಜೆ ಅದು. ಇವರಿಬ್ಬರಿಗೂ 45ರ ಲೆಕ್ಕವನ್ನೇ ಹಚ್ಚುವುದು ಗಣಿತಕ್ಕೆ ಮಾಡುವ ಅನ್ಯಾಯ, ಅವರಿಗೂ ಅನ್ಯಾಯ.

ಕಾಕಾ ಈಗ ಚೆನ್ನಾಗಿದ್ದಾರೆ, ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಕಾಕಾ, ನಿಮ್ಮ ಪ್ರಶ್ನೆಗೆ ಉತ್ತರ ಮೂವತ್ತಲ್ಲ. ಅದು ನೀವು ಕೂತಿದ್ದೀರೋ ಹೊರೆ ಹೊತ್ತಿದ್ದೀರೋ ಎನ್ನುವುದರ ಮೇಲೆ, ನಿಮ್ಮ ನೆತ್ತರು ಎಂಥದು ಎನ್ನುವುದರ ಮೇಲೆ ನಿಂತಿದೆ.

ಇಲ್ಲಿ ಕೂತಿರುವ ಬಿ.ಎಸ್ಸಿ., ಎಂ.ಎಸ್ಸಿ. ಮಕ್ಕಳಲ್ಲಿ ನನ್ನದೊಂದು ಬೇಡಿಕೆ. ನಾಳೆ ನೀವು ಈ ವಿಷಯದಲ್ಲಿ ಪಿಎಚ್.ಡಿ. ಮಾಡುವಾಗ ಮಿರಜಿನಲ್ಲೋ ಬೆಳಗಾವಿಯಲ್ಲೋ ಒಬ್ಬ ವೈದ್ಯರನ್ನು, ಒಬ್ಬ ಪ್ರಯೋಗಾಲಯದವರನ್ನು ಜೊತೆಗೆ ಕರೆದುಕೊಳ್ಳಿ. ಹೆಸರು ಬೇಡ, ಗುರುತು ಬೇಡ. ವಯಸ್ಸು, ಹೆಣ್ಣೋ ಗಂಡೋ, ಪಿ.ಸಿ.ವಿ., ಸಕ್ಕರೆ, ಫೈಬ್ರಿನೊಜನ್, ಅಳೆದ ಸ್ನಿಗ್ಧತೆ, ಇಷ್ಟನ್ನು ಒಂದು ಪಟ್ಟಿಯಲ್ಲಿ ಬರೆಯಿರಿ. ಆ ಪಟ್ಟಿಯನ್ನು ಪ್ರಬಂಧದ ಮೊದಲ ಪುಟದಲ್ಲಿ ಹಾಕಿ. ಸಮೀಕರಣ ಎರಡನೆಯ ಪುಟದಿಂದ ಶುರುವಾಗಲಿ.